ಜಗಲಿ ಲೈಟ್ ಅಂದ್ರೆ ಸ್ಪೀಕರಿಗೆ ಯಾಕೆ ತಿಳಿಯಲ್ಲ?

ಪ್ರಶ್ನೆ: ನಮ್ಮದು ಶಿರಸಿ ತಾಲೂಕಲ್ಲಿ ತೋಟದ ಮಧ್ಯೆ ಇರೋ ಹಳೇ ಮನೆ. ಬೆಂಗಳೂರಲ್ಲಿರೋ ತಮ್ಮ ದೀಪಾವಳಿಗೆ ಬಂದವನು 11 ಸ್ಮಾರ್ಟ್ ಬಲ್ಬು, ಮಾತಲ್ಲಿ ಹೇಳಿದ್ರೆ ಅವನ್ನ ಹಾಕಿ ಆರಿಸೋ ಒಂದು ಸ್ಪೀಕರ್ ತಂದು ಹಾಕಿಕೊಟ್ಟು ಹೋದ. ಆಯಿಗೆ, ಅಂದ್ರೆ ಅಮ್ಮನಿಗೆ, 74 ವರ್ಷ, ಮೊಣಕಾಲು ನೋವು, ರಾತ್ರಿ ಕತ್ತಲಲ್ಲಿ ತಡಕಾಡೋದು ತಪ್ಪಲಿ ಅಂತ. ತಮ್ಮ ಇಟ್ಟ ಹೆಸರು ಹಾಲ್ ಲೈಟ್ 1, ಹಾಲ್ ಲೈಟ್ 2, ಬಿಗ್ ಹಾಲ್ ಲೈಟ್, ಔಟ್‌ಸೈಡ್ ಲೈಟ್ 1, 2 ಹೀಗೆ. ಆಯಿ "ಜಗಲಿ ಲೈಟ್ ಹಾಕು" ಅಂತಾಳೆ, ಅದು ಇಂಗ್ಲೀಷಲ್ಲಿ ಏನೋ ಉತ್ತರ ಕೊಡುತ್ತೆ, "ಇದು ಎಂತ ಹೇಳ್ತು ಹೇಳೇ ತಿಳಿತಿಲ್ಲೆ" ಅಂತ ಅವಳಿಗೆ ಸಿಟ್ಟು. ನಾನೇ ಆ್ಯಪಲ್ಲಿ ಜಗಲಿ ಅಂತ ಹೆಸರು ಬದಲಿಸಿ ನೋಡಿದೆ, ನಾಲ್ಕು ಸಲ ಕೂಗಿದ್ರೆ ಒಂದ್ಸಲ ಕೇಳುತ್ತೆ. ಕೆಲವು ಸಲ ಇಡೀ ಮನೆ ಲೈಟ್ ಹತ್ತಿಕೊಳ್ಳುತ್ತೆ. ಮೊನ್ನೆ ಕೊಟ್ಟಿಗೆ ಲೈಟ್ ರಾತ್ರಿಯಿಡೀ ಉರೀತಿತ್ತು, ಯಾರೂ ಹಾಕಿಲ್ಲ. ಅಂಗಡಿಯವರು ಹೆಚ್ಚಿನ ಬೆಲೆಯ ಬಲ್ಬ್ ಹಾಕಿ, ಅದಕ್ಕೆ ಚೆನ್ನಾಗಿ ಕೇಳುತ್ತೆ ಅಂತಾರೆ. ಕನ್ನಡ ಹೆಸರು ಇಡೋದೇ ತಪ್ಪಾ? ಎಲ್ಲಾ ಕಿತ್ತು ಹಳೇ ಬಲ್ಬನ್ನೇ ಹಾಕಿಬಿಡ್ಲಾ?

ಉತ್ತರ: ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೇನೆ, ಕೀಳಬೇಡಿ. ನೀವು ಬರೆದದ್ದು ನೋಡಿದ್ರೆ ಯಾವ ಬಲ್ಬೂ ಹಾಳಾಗಿಲ್ಲ, ಸ್ಪೀಕರೂ ಹಾಳಾಗಿಲ್ಲ. ನಾನು ಶಿರಸಿ, ಸಿದ್ದಾಪುರ, ಕುಮಟಾ ಕಡೆ ವೈರಿಂಗ್ ಮಾಡ್ಕೊಂಡೇ ಬಂದವನು, ಈಚೆ ಕೆಲವು ವರ್ಷದಿಂದ ಈ ಸ್ಮಾರ್ಟ್ ಲೈಟಿನ ಕೆಲಸಾನೂ ಬರ್ತಿದೆ, ಕರೆ ಬಂದಲ್ಲೆಲ್ಲ ಹೆಚ್ಚುಕಮ್ಮಿ ಇದೇ ಕತೆ. ಬೆಂಗಳೂರಿನ ಮಕ್ಕಳು ಹಬ್ಬಕ್ಕೆ ಬರ್ತಾರೆ, ಎರಡು ದಿನದಲ್ಲಿ ಎಲ್ಲಾ ಕೂರಿಸ್ತಾರೆ, ಆ್ಯಪ್ ನೋಡ್ಕೊಂಡು ಆ್ಯಪಿಗೆ ಚೆಂದ ಕಾಣೋ ಹೆಸರು ಇಡ್ತಾರೆ, ಬಸ್ ಹತ್ತುತ್ತಾರೆ. ಆ ಹೆಸರನ್ನ ದಿನಾ ಕೂಗಬೇಕಾದವರು ಮಾತ್ರ ಬೇರೆ. ನಿಮ್ಮ ತಮ್ಮನ್ನ ಬೈತಿಲ್ಲ, ನಾನೂ ಮೊದಮೊದಲು ಕೂರಿಸಿದ ಮನೆಗಳಲ್ಲಿ ಹಾಲ್ 1, ಹಾಲ್ 2 ಅಂತಲೇ ಇಟ್ಟವನು, ಆಮೇಲೆ ಪೆಟ್ರೋಲ್ ಸುಟ್ಟು ವಾಪಸ್ ಹೋಗಿ ಬದಲಿಸಿ ಬಂದವನು.

ನಿಮ್ಮ ಪ್ರಶ್ನೆಯಲ್ಲಿ ಒಂದೇ ತೊಂದರೆ ಇಲ್ಲ, ಮೂರ್ನಾಲ್ಕು ಸೇರ್ಕೊಂಡಿವೆ. ಹೆಸರು ಕೇಳದೇ ಇರೋದು ಒಂದು, ಇಡೀ ಮನೆ ಹತ್ತಿಕೊಳ್ಳೋದು ಇನ್ನೊಂದು, ಕೊಟ್ಟಿಗೆ ಲೈಟಿನದ್ದಂತೂ ಹೆಸರಿಗೂ ಮಾತಿಗೂ ಸಂಬಂಧವೇ ಇಲ್ಲದ್ದು. ಬಿಡಿಸಿ ಬಿಡಿಸಿ ನೋಡೋಣ.

ಬಲ್ಬಿಗೆ ಕಿವಿ ಇಲ್ಲ. 400 ರೂಪಾಯಿದಾಗಲಿ 4000ದ್ದಾಗಲಿ, ಬಲ್ಬಿನಲ್ಲಿ ಮೈಕ್ ಇರಲ್ಲ, ಅದಕ್ಕೆ ಬರೋದು ಹತ್ತು, ಆರು, ಮಂದ ಆಗು ಅನ್ನೋ ಸಂದೇಶ ಅಷ್ಟೇ. ಕೇಳೋದು ಸ್ಪೀಕರು. ಅದೂ ಪೂರ್ತಿ ಕೇಳಲ್ಲ, ತನ್ನನ್ನ ಎಬ್ಬಿಸೋ ಪದ ಬಂತಾ ಅಂತ ಮಾತ್ರ ಕಿವಿಗೊಟ್ಟು ಕೂತಿರುತ್ತೆ, ಆ ಪದ ಬಿದ್ದ ಮೇಲೆ ನೀವಂದಿದ್ದನ್ನ ಇಂಟರ್ನೆಟ್ಟಲ್ಲಿ ಕಂಪನಿಯ ಸರ್ವರಿಗೆ ಕಳಿಸುತ್ತೆ. ಅಲ್ಲಿ ನಿಮ್ಮ ಧ್ವನಿ ಅಕ್ಷರ ಆಗುತ್ತೆ, ಆ ಅಕ್ಷರಗಳನ್ನ ನಿಮ್ಮ ಮನೆಯ ಲೈಟುಗಳ ಹೆಸರಿನ ಪಟ್ಟಿ ಜೊತೆ ಹೋಲಿಸ್ತಾರೆ, ಹೊಂದಿದ್ದು ಸಿಕ್ಕಿದ್ರೆ ಬಲ್ಬ್ ಕಂಪನಿಯ ಸರ್ವರಿಗೆ ಸುದ್ದಿ ಹೋಗುತ್ತೆ, ಅಲ್ಲಿಂದ ನಿಮ್ಮ ಮನೆ ವೈಫೈಗೆ ಬಂದು ಬಲ್ಬ್ ಹತ್ತುತ್ತೆ. ಜಗಲಿಯಿಂದ ಕೂಗಿದ ಮಾತು ಊರೆಲ್ಲ ಸುತ್ತಿ ಜಗಲಿಗೇ ಬರೋದು ಅಂದ್ರೆ ತಮಾಷೆ ಅನ್ನಿಸಬಹುದು, ಆದ್ರೆ ಹೆಚ್ಚಿನ ವೈಫೈ ಬಲ್ಬುಗಳ ದಾರಿ ಇದೇ. ಹಾಗಾಗಿ ಹೆಚ್ಚು ದುಡ್ಡಿನ ಬಲ್ಬ್ ತಗೊಂಡ್ರೆ ಬಣ್ಣ ಚೆನ್ನಾಗಿರಬಹುದು, ಬಾಳಿಕೆ ಬರಬಹುದು, ಆಯಿ ಮಾತು ಮಾತ್ರ ಒಂದು ಚೂರೂ ಹೆಚ್ಚು ತಿಳಿಯಲ್ಲ.

ಈಗ ಕನ್ನಡದ ವಿಷಯ. ಅಮೆಜಾನ್ ಸ್ಪೀಕರಲ್ಲಿ ಮಾತು ಕೇಳಿ ಉತ್ತರ ಕೊಡೋ ಅಲೆಕ್ಸಾ 2017ರಲ್ಲಿ ನಮ್ಮ ದೇಶಕ್ಕೆ ಬಂತು, 2019ರಲ್ಲಿ ಹಿಂದಿ ಕಲಿತು, ಕನ್ನಡ ಕಲಿತಿಲ್ಲ. ಗೂಗಲ್ ಸ್ಪೀಕರಲ್ಲೂ ನಮ್ಮ ಕಡೆ ಜನ ಇಟ್ಕೊಳ್ಳೋದು ಇಂಗ್ಲೀಷು ಅಥವಾ ಹಿಂದಿ. "ಫೋನಲ್ಲಿ ಕನ್ನಡ ಮಾತಾಡಿದ್ರೆ ಟೈಪ್ ಆಗುತ್ತಲ್ಲ, ಇದಕ್ಕೆ ಏನು ಧಾಡಿ" ಅಂತ ಎಲ್ಲರೂ ಕೇಳ್ತಾರೆ. ಫೋನಿನ ಕೀಬೋರ್ಡಿಗೆ ಮಾತನ್ನ ಬರೆದುಕೊಂಡ್ರೆ ಸಾಕು, ಸ್ಪೀಕರಿಗೆ ಅದರ ಅರ್ಥ ಹಿಡಿದು ಕೆಲಸ ಮಾಡಬೇಕು, ಅದನ್ನ ಒಂದೊಂದು ಭಾಷೆಗೂ ಬೇರೆಯಾಗಿ ಕಟ್ಟಬೇಕು. ಆಯಿ "ಜಗಲಿ" ಅಂದಾಗ ಸ್ಪೀಕರಿನ ಹಿಂದಿರೋ ಇಂಗ್ಲೀಷ್ ಕಿವಿ ತನಗೆ ಗೊತ್ತಿರೋ ಇಂಗ್ಲೀಷ್ ಪದಗಳಲ್ಲಿ ಇದಕ್ಕೆ ಹತ್ತಿರದ್ದು ಯಾವುದು ಅಂತ ಹುಡುಕುತ್ತೆ. ಸಿಕ್ಕಿದ್ದನ್ನ ಬರ್ಕೊಳ್ಳುತ್ತೆ. ನೀವು ಪಟ್ಟಿಯಲ್ಲಿ ಜೆ ಎ ಜಿ ಎ ಎಲ್ ಐ ಅಂತ ಬರೆದಿರ್ತೀರಿ, ಅದು ಬರ್ಕೊಂಡದ್ದು ಜಗ್ಲಿಯೋ ಜಂಗಲ್ಲೋ ಮತ್ತೊಂದೋ. ಎರಡೂ ಹೊಂದದೇ ಇದ್ರೆ ಅಂಥ ಲೈಟ್ ಇಲ್ಲ ಅನ್ನುತ್ತೆ. ಆಯಿಗೆ ಅರ್ಥ ಆಗದೇ ಇರೋ ಆ ಉತ್ತರ ಅದೇ ಇರಬೇಕು.

ಇನ್ನೊಂದು, ನಮ್ಮ ಳ ಇದೆಯಲ್ಲ, ಅದು ಇಂಗ್ಲೀಷಿಗೂ ಇಲ್ಲ, ಹಿಂದಿಗೂ ಇಲ್ಲ. ಅಂಗಳ, ಮಾಳಿಗೆ, ಒಳಗೆ, ಇವೆಲ್ಲ ಅದಕ್ಕೆ ಕಷ್ಟ. ಒತ್ತಕ್ಷರ ಇರೋ ಚಿಕ್ಕ ಪದಗಳೂ ಕಷ್ಟ. ಮಹಡಿಗೆ ನಾವನ್ನೋ ಮೆತ್ತು ಅಂದ್ರೆ ಕೊನೇ ತುಂಡನ್ನ ಇಂಗ್ಲೀಷಿನ ಟೂ ಅಂತ ತಿಳ್ಕೊಂಡು ಎರಡನೇ ನಂಬರ್ ಹುಡುಕಕ್ಕೆ ಹೋಗುತ್ತೆ. ಅಟ್ಟ ಅಂದ್ರೆ ಅಟ್ ಎ ಅಂತ ಎರಡು ಪುಡಿ ಪದ ಮಾಡಿ ನುಂಗಿಬಿಡುತ್ತೆ. ಎಲ್ಲಕ್ಕಿಂತ ಮಜ ಆಯಿದೇ. "ಆಯಿ ರೂಮ್ ಲೈಟ್" ಅಂತ ಪ್ರೀತಿಯಿಂದ ಹೆಸರಿಟ್ಟ ಮನೆ ನಾನೇ ಮೂರು ನೋಡಿದ್ದೇನೆ, ಇಂಗ್ಲೀಷ್ ಕಿವಿಗೆ ಆಯಿ ಅಂದ್ರೆ ಐ, ಅಂದ್ರೆ ನಾನು, ಅಥವಾ ಕಣ್ಣು. ನಾನು ರೂಮ್ ಲೈಟ್ ಅಂತ ಯಾರೋ ಅಂದ್ರೆ ಅದಾದ್ರೂ ಏನು ಮಾಡುತ್ತೆ ಪಾಪ.

ಹಂಗಂತ ಕನ್ನಡ ಹೆಸರು ಇಡಬಾರದು ಅಂತಲ್ಲ. ಈ ಮಾತನ್ನ ಒತ್ತಿ ಹೇಳ್ತೇನೆ, ಯಾಕಂದ್ರೆ ಬಹಳ ಜನ ಒಂದ್ಸಲ ಸೋತ ತಕ್ಷಣ ಆಯಿಗೆ ವರಾಂಡಾ, ಬಾಲ್ಕನಿ ಅಂತ ಕಲಿಸೋಕೆ ಹೊರಡ್ತಾರೆ. 74 ವರ್ಷ ಜಗಲಿ ಅಂದ ಬಾಯಿಗೆ ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ವರಾಂಡಾ ಅಂತ ಬರಲ್ಲ, ಬರಬೇಕು ಅಂತಲೂ ಇಲ್ಲ. ಬದಲಾಗಬೇಕಾದ್ದು ಪಟ್ಟಿ. ಅದಕ್ಕೊಂದು ಉಪಾಯ ಇದೆ, ನನಗೆ ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೇದು ಸಿಕ್ಕಿಲ್ಲ.

ಸ್ಪೀಕರಿನ ಆ್ಯಪಲ್ಲಿ ವಾಯ್ಸ್ ಹಿಸ್ಟರಿ ಅಂತ ಇರುತ್ತೆ, ಅಲೆಕ್ಸಾ ಆ್ಯಪಲ್ಲಾದ್ರೆ ಸೆಟ್ಟಿಂಗ್ಸ್ ಒಳಗೆ ಪ್ರೈವೆಸಿ ಅನ್ನೋ ಕಡೆ. ನೀವು ಅಂದದ್ದನ್ನ ಅದು ಏನಂತ ಬರ್ಕೊಂಡಿದೆ ಅಂತ ಅಲ್ಲಿ ಸಾಲು ಸಾಲಾಗಿ ಕಾಣುತ್ತೆ. ಆಯಿ ಹತ್ರ ಬೆಳಿಗ್ಗೆ ಮೂರು ಸಲ, ಸಂಜೆ ಮೂರು ಸಲ "ಜಗಲಿ ಲೈಟ್ ಆನ್" ಅಂತ ಹೇಳಿಸಿ, ಅವಳು ದಿನಾ ಹೇಳೋ ಹಾಗೇ, ಬಿಡಿಸಿ ಬಿಡಿಸಿ ಅಲ್ಲ. ಆಮೇಲೆ ಹಿಸ್ಟರಿ ತೆಗೆದು ನೋಡಿ. ಆರರಲ್ಲಿ ಐದು ಸಲ ಒಂದೇ ತಪ್ಪು ಪದ ಬರ್ಕೊಂಡಿದ್ರೆ ನಿಮ್ಮ ಕೆಲಸ ಆಯ್ತು, ಆ ತಪ್ಪು ಪದವನ್ನೇ ಲೈಟಿನ ಹೆಸರು ಮಾಡಿಬಿಡಿ. ಸರಿಯಾಗಿ ಬರೆಯೋದು ಇಲ್ಲಿ ಮುಖ್ಯ ಅಲ್ಲ, ಪ್ರತೀ ಸಲ ಒಂದೇ ಥರ ಕೇಳಿಸೋದು ಮುಖ್ಯ. ಒಂದು ಮನೇಲಿ ಕೊಟ್ಟಿಗೆ ಅಂದ್ರೆ ಪ್ರತಿ ಸಲ ಕಾಟೇಜ್ ಅಂತಲೇ ಬರ್ಕೊಳ್ತಿತ್ತು, ನಾನು ಕೊಟ್ಟಿಗೆ ಲೈಟಿಗೆ ಕಾಟೇಜ್ ಲೈಟ್ ಅಂತಲೇ ಇಟ್ಟು ಬಂದೆ, ಅಜ್ಜ ಕೊಟ್ಟಿಗೆ ಅಂತಾರೆ, ಲೈಟ್ ಹತ್ತುತ್ತೆ, ಎಮ್ಮೆಗೂ ಸಮಾಧಾನ. ಬೆಂಗಳೂರಿನ ಮಗ ಆ್ಯಪ್ ನೋಡಿ "ಅಪ್ಪಯ್ಯ ಹೋಮ್‌ಸ್ಟೇ ಶುರು ಮಾಡಿದ್ರಾ" ಅಂತ ಫೋನ್ ಮಾಡಿದ್ದ.

ಆರು ಸಲಕ್ಕೆ ಆರು ಥರ ಬರ್ಕೊಂಡಿದ್ರೆ ಆ ಪದವನ್ನ ಬಿಡಬೇಕು. ಆಗ ಅದೇ ಜಾಗಕ್ಕೆ ಮನೇಲಿ ಬೇರೆ ಏನಂತಾರೆ ನೋಡಿ. ಅಂಗಳ ಕೇಳದೇ ಇದ್ರೆ ತುಳಸಿ ಆಗಬಹುದು, ತುಳಸಿಕಟ್ಟೆ ಅಲ್ಲೇ ಇದೆಯಲ್ಲ, ಳ ಇದ್ರೂ ತುಳಸಿ ಅಂದ್ರೆ ಇಂಗ್ಲೀಷಿಗೂ ಹಿಂದಿಗೂ ಗೊತ್ತು. ದೇವರ ಕೋಣೆಗೆ ಪೂಜಾ, ಬಚ್ಚಲಮನೆಗೆ ಸ್ನಾನ ಅಥವಾ ಹಂಡೆ, ಮೆತ್ತಿಗೆ ಉಪ್ಪರಿಗೆ ಅಂತ ಹಾಕಿ ನೋಡಿ. ಹಂಡೆ ಅನ್ನೋದನ್ನ ಒಂದು ಕಡೆ ಸಂಡೆ ಅಂತ ಕೇಳಿಸ್ಕೊಂಡು ಭಾನುವಾರಕ್ಕೆ ರಿಮೈಂಡರ್ ಇಡಬೇಕಾ ಅಂತ ಕೇಳಿತ್ತು, ಅಲ್ಲಿ ಸ್ನಾನ ಅಂತ ಮಾಡಿದೆವು. ಒಂದು ಮನೆಯಲ್ಲಿ ನಡೆದದ್ದು ಪಕ್ಕದ ಮನೆಯಲ್ಲಿ ನಡೆಯುತ್ತೆ ಅಂತಿಲ್ಲ, ಹಲ್ಲಿಲ್ಲದ ಅಜ್ಜನ ಉಚ್ಚಾರ ಬೇರೆ, ಶಾಲೆಗೆ ಹೋಗೋ ಮಗುವಿನದ್ದು ಬೇರೆ, ಅದಕ್ಕೇ ಹೆಸರಿನ ಪಟ್ಟಿ ಕೊಡಿ ಅಂತ ಕೇಳಿದವರಿಗೆ ನಾನು ಪಟ್ಟಿ ಕೊಡಲ್ಲ. ಒಂದು ವಾರ ಅಡಿಗೆಮನೆ ಕ್ಯಾಲೆಂಡರಿಗೆ ಪೆನ್ಸಿಲ್ ಕಟ್ಟಿಡಿ, ಯಾವ ಲೈಟನ್ನ ಯಾರು ಏನಂತ ಕರೀತಾರೆ ಅಂತ ಬರೀರಿ ಅಂತೇನೆ. ನಿಮ್ಮ ಹಾಲ್ ಲೈಟ್ 1ನ್ನ ಮನೇಲಿ ಯಾರೂ ಒಂದು ಅನ್ನಲ್ಲ, ನಡುಮನೆ ಲೈಟ್, ಟಿವಿ ಲೈಟ್, ಫೋಟೋ ಲೈಟ್ ಅಂತಲೇ ಅಂತಿರ್ತಾರೆ.

ಈ ನಂಬರಿನ ಹೆಸರು ಮೊದಲು ತೆಗೀರಿ. ಒಂದೇ ಪದ ನಾಲ್ಕು ಹೆಸರಲ್ಲಿ ಇದ್ರೆ, ಹಾಲ್ ಲೈಟ್ ಅಂತ ಕೇಳಿದಾಗ ಯಾವ ಹಾಲು ಅಂತ ಸ್ಪೀಕರು ತಿರುಗಿ ಕೇಳುತ್ತೆ, ಇಲ್ಲ ತನಗೆ ತೋಚಿದ್ದನ್ನ ಹಾಕುತ್ತೆ. ಒಂದೊಂದು ಹೆಸರಿನ ಮೊದಲ ಪದ ಬೇರೆ ಬೇರೆ ಇರಬೇಕು, ಕೇಳೋಕೂ ಬೇರೆ ಇರಬೇಕು, ಪೂಜಾ, ತುಳಸಿ, ಟಿವಿ, ಸ್ನಾನ, ಹೀಗೆ ಒಂದಕ್ಕೊಂದು ಪ್ರಾಸ ಆಗದ ಹಾಗೆ. ತೀರಾ ಉದ್ದ ಬೇಡ, ಉದ್ದ ಇದ್ರೆ ಸ್ಪಷ್ಟ ಅನ್ನೋದು ತಪ್ಪು ತಿಳುವಳಿಕೆ, "ಫ್ರಂಟ್ ಸೈಡ್ ಬಿಗ್ ಹಾಲ್ ಲೈಟ್" ಅನ್ನೋದ್ರಲ್ಲಿ ಒಂದು ಪದ ಮರೆತ್ರೂ ಕೆಟ್ಟಿತು. ತೀರಾ ಗಿಡ್ಡವೂ ಬೇಡ. ಎರಡು ಮೂರು ಅಕ್ಷರದ ಒಂದು ಪದ, ಹಿಂದೆ ಲೈಟ್. ಈ ಲೈಟ್ ಅನ್ನೋದನ್ನ ಬಿಡಬೇಡಿ, ಬರೇ "ತುಳಸಿ ಆನ್" ಅಂದ್ರೆ ಹಾಡು ಹಾಕೋ ಸಾಧ್ಯತೆನೂ ಇದೆ, ಮತ್ತೆ ನಮ್ಮ ಪದಗಳು ಸ್ವರದಲ್ಲಿ ಮುಗಿಯೋದ್ರಿಂದ ಆನ್ ಜೊತೆ ಕೂಡ್ಕೊಂಡು ಪೂಜಾನ್, ಜಗಲ್ಯಾನ್ ಆಗಿಬಿಡುತ್ತೆ.

ಪ್ರಾಸ ಅಂದೆನಲ್ಲ, ಅದು ಬರೇ ತಮಾಷೆ ಅಲ್ಲ. ಕುಮಟಾ ಕಡೆ ಒಂದು ಮನೇಲಿ ಸ್ಮಾರ್ಟ್ ಪ್ಲಗ್ ಒಂದಕ್ಕೆ ಪಂಪ್ ಅಂತಲೂ ಮಂಚದ ಪಕ್ಕದ ದೀಪಕ್ಕೆ ಲ್ಯಾಂಪ್ ಅಂತಲೂ ಹೆಸರಿಟ್ಟಿದ್ರು. ರಾತ್ರಿ ಲ್ಯಾಂಪ್ ಆನ್ ಅಂದಿದ್ದಾರೆ, ದೀಪ ಹತ್ತಲಿಲ್ಲ, ಏನೋ ನೆಟ್ ಇಲ್ಲ ಅಂದ್ಕೊಂಡು ಮಲಗಿದಾರೆ, ಬೆಳಿಗ್ಗೆ ನೋಡಿದ್ರೆ ಟ್ಯಾಂಕ್ ತುಂಬಿ ಹರಿದು ಅಂಗಳವೆಲ್ಲ ಕೆಸರು. ನೀರಿನ ಪಂಪು, ಗೀಸರು, ಇಸ್ತ್ರಿ ಪೆಟ್ಟಿಗೆ ಇಂಥದ್ದಕ್ಕೆ ಮಾತಿನ ಸಹವಾಸವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಮಾಡಲೇಬೇಕು ಅಂದ್ರೆ ಲೈಟಿನ ಹೆಸರಿಗೆ ಎಲ್ಲೂ ತಾಗದ ಹೆಸರಿಡಿ, ತೋಟದ ಮೋಟಾರಿಗೆ ಸ್ಟಾರ್ಟರ್ ಇಲ್ಲದೇ ಬರೇ ಪ್ಲಗ್ಗಿನ ಮೇಲೆ ನಡೆಸೋದಂತೂ ಬೇಡವೇ ಬೇಡ, ಶುರುವಾಗೋವಾಗ ಎಳೆಯೋ ಕರೆಂಟಿಗೆ ಪ್ಲಗ್ಗಿನ ಒಳಗೆ ಕರೆಂಟ್ ಕೂಡಿಸಿ ಬಿಡಿಸೋ ರಿಲೇ ಸುಟ್ಟೋ ಅಂಟ್ಕೊಂಡೋ ಹೋಗುತ್ತೆ, ಅಂಟ್ಕೊಂಡ್ರೆ ಆಫ್ ಅಂದ್ರೂ ನಿಲ್ಲಲ್ಲ.

ಇನ್ನು ಹಾಕು ಅನ್ನೋ ಮಾತು. ಆಯಿ "ಹಾಕು", "ಆರಿಸು" ಅಂದ್ರೆ ಅದಕ್ಕೆ ಗೊತ್ತಾಗಲ್ಲ, ಆದ್ರೆ "ಟರ್ನ್ ಆನ್" ಅಂತ ಪೂರ್ತಿ ಇಂಗ್ಲೀಷ್ ಕಲಿಸೋ ಅಗತ್ಯವೂ ಇಲ್ಲ. ಹೆಸರು, ಲೈಟ್, ಆನ್, ಇಷ್ಟು ಸಾಕು. ಆನ್, ಆಫ್, ಲೈಟ್ ಮೂರೂ ಈಗ ಕನ್ನಡವೇ, ಆಯಿ ಬಾಯಲ್ಲೂ ಇದ್ದದ್ದೇ. ಹಿಂದೆ ಮಾಡು ಅಂತ ಸೇರಿಸದ ಹಾಗೆ ಮಾತ್ರ ರೂಢಿ ಮಾಡಿಸಿ. ಇಲ್ಲ, ಅವಳು ಹಾಕು ಅಂತಲೇ ಅಂತಾಳೆ ಅಂದ್ರೆ ರೂಟೀನ್ ಅಂತ ಒಂದು ಸೌಲಭ್ಯ ಇದೆ, ಇಂಥ ಮಾತು ಕೇಳಿದ್ರೆ ಇಂಥ ಲೈಟ್ ಹಾಕು ಅಂತ ಮೊದಲೇ ಹೇಳಿಡೋದು. ಅಲ್ಲಿ ಹಿಸ್ಟರಿಯಲ್ಲಿ ಕಂಡ ಇಡೀ ವಾಕ್ಯವನ್ನ, ತಪ್ಪು ತಪ್ಪಾಗಿದ್ರೂ, ಹಾಗೇ ಬರೆದಿಟ್ರೆ ನಡೆಯುತ್ತೆ. ತೊಂದರೆ ಏನಂದ್ರೆ ರೂಟೀನು ಮಾತನ್ನ ಬಹಳ ಕಟ್ಟುನಿಟ್ಟಾಗಿ ಹೋಲಿಸುತ್ತೆ, ಒಂದು ಪದ ಆಚೀಚೆ ಆದ್ರೆ ಕೇಳಲ್ಲ, 11 ಲೈಟಿಗೆ ಹಾಕೋದಕ್ಕೆ ಆರಿಸೋದಕ್ಕೆ ಅಂತ 22 ರೂಟೀನ್ ಮಾಡ್ಕೊಂಡು ಕೂತ್ರೆ ಮುಂದೆ ಯಾರಿಗೂ ಬಿಡಿಸೋಕೆ ಬರಲ್ಲ. ಆಯಿ ದಿನಾ ಉಪಯೋಗಿಸೋ ಎರಡು ಮೂರಕ್ಕೆ ಮಾತ್ರ ಮಾಡಿ.

ಹಿಂದಿಗೆ ಬದಲಿಸಿದ್ರೆ ಹೆಂಗೆ ಅಂತ ಕಾರವಾರ ಕಡೆಯವರು ಕೇಳ್ತಾರೆ. ಅಲ್ಲಿ ಮನೇಲಿ ಕೊಂಕಣಿ, ಅಲ್ಪಸ್ವಲ್ಪ ಮರಾಠಿ, ಹಿಂದಿ ಎಲ್ಲ ಬಾಯಲ್ಲಿ ಆಡೋದ್ರಿಂದ ಅವರಿಗೆ ಒಳ್ಳೇ ದಾರಿನೇ. ಹಿಂದಿ ಕಿವಿಗೆ ಣ, ಟ, ಡ, ಮಹಾಪ್ರಾಣ ಎಲ್ಲ ಗೊತ್ತು, ನಮ್ಮ ಪದಗಳನ್ನ ಇಂಗ್ಲೀಷಿಗಿಂತ ಹತ್ತಿರಕ್ಕೆ ಹಿಡಿಯುತ್ತೆ. ಇಂಗ್ಲೀಷ್ ಹಿಂದಿ ಎರಡೂ ಒಟ್ಟಿಗೆ ಕೇಳೋ ಹಾಗೂ ಇಡಬಹುದು. ಶಿರಸಿ ಹಳ್ಳಿ ಮನೇಲಿ ಹಿಂದಿ ಯಾರೂ ಆಡದೇ ಇದ್ರೆ ಅದು ಉತ್ತರ ಕೊಡೋದು ಹಿಂದಿಯಲ್ಲಿ ಅಂತ ಹೊಸ ರಗಳೆ ಶುರುವಾಗುತ್ತೆ. ಒಂದಿನ ಹಾಕಿ ನೋಡಿ, ಆಯಿ ಬೈದ್ರೆ ವಾಪಸ್ ತೆಗೀರಿ.

ಇಡೀ ಮನೆ ಹತ್ತಿಕೊಳ್ಳೋದಕ್ಕೆ ನನ್ನ ಅಂದಾಜು ಇದು. ಜಗಲಿ ಅನ್ನೋದು ಅರ್ಥ ಆಗದೇ ಬರೇ ಲೈಟ್ ಆನ್ ಅಂತ ಮಾತ್ರ ಅದಕ್ಕೆ ಸಿಕ್ಕಿದೆ. ಬರೇ ಲೈಟ್ ಅಂದಾಗ ಸ್ಪೀಕರು ತಾನಿರೋ ಕೋಣೆಯ ಲೈಟ್ ಹಾಕಬೇಕು, ಆದ್ರೆ ತಾನು ಯಾವ ಕೋಣೇಲಿದೀನಿ ಅಂತ ನಿಮ್ಮ ತಮ್ಮ ಅದಕ್ಕೆ ಹೇಳೇ ಇಲ್ಲ, ಅಥವಾ 11 ಬಲ್ಬನ್ನೂ ಒಂದೇ ಗುಂಪಿಗೆ ಹಾಕಿದಾನೆ. ಆ್ಯಪಲ್ಲಿ ಗ್ರೂಪ್ ಅಥವಾ ರೂಮ್ ಅಂತ ಇರುತ್ತೆ. ನಡುಮನೆ ಅಂತ ಒಂದು ಮಾಡಿ, ಅದರೊಳಗೆ ನಡುಮನೆ ಲೈಟುಗಳ ಜೊತೆ ಆ ಸ್ಪೀಕರನ್ನೂ ಸೇರಿಸಿ. ಆಮೇಲೆ ಅಲ್ಲಿ ಕೂತು ಬರೇ "ಲೈಟ್ ಆನ್" ಅಂದ್ರೆ ಅಲ್ಲಿನದ್ದು ಮಾತ್ರ ಹತ್ತುತ್ತೆ. ಹೀಗೆ ಮಾಡಿದ್ರೆ ಅರ್ಧ ಹೆಸರುಗಳ ಅಗತ್ಯವೇ ಬೀಳಲ್ಲ ನೋಡಿ. ಗುಂಪಿನ ಹೆಸರೂ ಲೈಟಿನ ಹೆಸರೂ ಒಂದೇ ಆಗದ ಹಾಗೆ ನೋಡ್ಕೊಳ್ಳಿ. ಅಲೆಕ್ಸಾದಲ್ಲಿ ಒಂದೇ ಬಲ್ಬನ್ನ ಎರಡು ಗುಂಪಿಗೆ ಹಾಕಬಹುದು, ಇದರಿಂದ ಒಂದು ಲೈಟಿಗೆ ಎರಡು ಹೆಸರು ಕೊಟ್ಟ ಹಾಗಾಗುತ್ತೆ, ಆಯಿಗೆ ಜಗಲಿ, ತಮ್ಮನ ಹೆಂಡತಿ ಬೆಂಗಳೂರಿಂದ ಬಂದಾಗ ವರಾಂಡಾ, ಇಬ್ಬರಿಗೂ ಒಂದೇ ಬಲ್ಬ್.

ನೀವು ಹೆಸರು ಬದಲಿಸಿದ್ದು ಎಲ್ಲಿ ಅಂತ ಬರೆದಿಲ್ಲ. ಬಲ್ಬಿನ ಆ್ಯಪ್ ಬೇರೆ, ಸ್ಪೀಕರಿನ ಆ್ಯಪ್ ಬೇರೆ, ಸ್ಪೀಕರಿನ ಆ್ಯಪಲ್ಲಿ ಇರೋ ಹೆಸರೇ ಮಾತಿಗೆ ಲೆಕ್ಕ. ಬಲ್ಬನ್ನ ಮಧ್ಯೆ ಒಂದ್ಸಲ ತೆಗೆದು ಮತ್ತೆ ಜೋಡಿಸಿದ್ರೆ ಹಳೇ ಹೆಸರು ಪ್ರೇತದ ಹಾಗೆ ಪಟ್ಟಿಯಲ್ಲೇ ಉಳಿದಿರುತ್ತೆ, ಕರೆದ್ರೆ ಡಿವೈಸ್ ಉತ್ತರ ಕೊಡ್ತಿಲ್ಲ ಅನ್ನುತ್ತೆ. ಪಟ್ಟಿ ಪೂರ್ತಿ ನೋಡಿ, 11 ಬಲ್ಬಿಗೆ 14 ಹೆಸರು ಕಂಡ್ರೆ ಮೂರು ಪ್ರೇತ, ಅಳಿಸಿ.

ಕೊಟ್ಟಿಗೆ ಲೈಟು ತಾನಾಗೇ ಹತ್ತಿದ್ದು ಭೂತ ಅಲ್ಲ, ಕರೆಂಟು. ನಮ್ಮ ಕಡೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗೋದು ಬರೋದು ಹೊಸತಲ್ಲ. ಬಹಳಷ್ಟು ಸ್ಮಾರ್ಟ್ ಬಲ್ಬುಗಳು ಕರೆಂಟ್ ವಾಪಸ್ ಬಂದ ಕೂಡ್ಲೆ ಹತ್ತಿಕೊಳ್ಳೋ ಹಾಗೇ ಕಾರ್ಖಾನೆಯಿಂದ ಬರ್ತವೆ, ಗೋಡೆ ಸ್ವಿಚ್ ಒತ್ತಿದ್ರೂ ಮಾಮೂಲಿ ಬಲ್ಬಿನ ಹಾಗೆ ಹತ್ತಲಿ ಅಂತ. ರಾತ್ರಿ ಒಂದು ಗಂಟೆಗೆ ಕರೆಂಟ್ ಬಂದಿದೆ, ಮನೇಲಿ ಹತ್ತಿದ್ದನ್ನ ಯಾರೋ ಆರಿಸಿ ಮಲಗಿದಾರೆ, ಕೊಟ್ಟಿಗೆದು ಯಾರೂ ನೋಡಿಲ್ಲ. ಬಲ್ಬಿನ ಆ್ಯಪಲ್ಲಿ ಪವರ್ ಆನ್ ಬಿಹೇವಿಯರ್ ಅಥವಾ ಅಂಥದ್ದೇ ಹೆಸರಲ್ಲಿ ಒಂದು ಸೆಟ್ಟಿಂಗ್ ಇರುತ್ತೆ, ಮೊದಲು ಹೇಗಿತ್ತೋ ಹಾಗೇ ಇರು ಅಂತ ಬದಲಿಸಿ. ಕೆಲವು ಬಲ್ಬಿಗೆ ಆ ಆಯ್ಕೆ ಇರಲ್ಲ, ಅಂಥದ್ದನ್ನ ಕೊಟ್ಟಿಗೆಗೆ ಹಾಕಬೇಡಿ, ಕಣ್ಣಿಗೆ ಬೀಳೋ ಜಾಗಕ್ಕೆ ಹಾಕಿ.

ಇದರ ಉಲ್ಟಾ ತೊಂದರೆ ಗೋಡೆ ಸ್ವಿಚ್ಚಿಂದು. ಆಯಿ ಜೀವಮಾನವಿಡೀ ಮಲಗೋ ಮೊದಲು ಎಲ್ಲಾ ಸ್ವಿಚ್ ಆರಿಸಿಯೇ ಮಲಗಿದವಳು. ಸ್ವಿಚ್ ಆರಿಸಿದ್ರೆ ಬಲ್ಬಿಗೆ ಕರೆಂಟೇ ಇಲ್ಲ, ಆಮೇಲೆ ಯಾವ ಹೆಸರಿಂದ ಕರೆದ್ರೂ ಅದು ಏಳಲ್ಲ. ನಿಮಗೆ ನಾಲ್ಕಕ್ಕೆ ಒಂದ್ಸಲ ಕೇಳೋದ್ರಲ್ಲಿ ಇದರ ಪಾಲೂ ಇರಬಹುದು, ಹಿಸ್ಟರಿಯಲ್ಲಿ ಹೆಸರು ಸರಿಯಾಗಿ ಬಂದೂ ಲೈಟ್ ಹತ್ತಿಲ್ಲ ಅಂದ್ರೆ ಇದೇ. ಸ್ವಿಚ್ಚಿಗೆ ಟೇಪ್ ಹಚ್ಚೋದು, ಮುಟ್ಟಬೇಡ ಅಂತ ಚೀಟಿ ಅಂಟಿಸೋದು ನನಗೆ ಸರಿ ಕಾಣಲ್ಲ, ಅವಳ ಮನೆ ಅದು. ಅದಕ್ಕಿಂತ ಸ್ಮಾರ್ಟ್ ಬಲ್ಬ್ ತೆಗೆದು ಮಾಮೂಲಿ ಎಲ್‌ಇಡಿ ಹಾಕಿ, ಸ್ವಿಚ್ ಬೋರ್ಡ್ ಹಿಂದೆ ಒಂದು ಸ್ಮಾರ್ಟ್ ಮಾಡ್ಯೂಲ್, ಅಂದ್ರೆ ಬಲ್ಬಿನ ಬದಲು ಸ್ವಿಚ್ಚನ್ನೇ ಸ್ಮಾರ್ಟ್ ಮಾಡೋ ಚಿಕ್ಕ ಡಬ್ಬಿ, ಕೂರಿಸೋದು ಒಳ್ಳೇದು. ಆಗ ಸ್ವಿಚ್ಚೂ ನಡೆಯುತ್ತೆ ಮಾತೂ ನಡೆಯುತ್ತೆ. ಅದಕ್ಕೆ ಬೋರ್ಡಲ್ಲಿ ನ್ಯೂಟ್ರಲ್, ಅಂದ್ರೆ ಕರೆಂಟ್ ವಾಪಸ್ ಹೋಗೋ ತಂತಿ, ಬೇಕು, ನಮ್ಮ ಬೋರ್ಡುಗಳಲ್ಲಿ ಪ್ಲಗ್ ಪಾಯಿಂಟ್ ಇದ್ರೆ ನ್ಯೂಟ್ರಲ್ ಬಂದೇ ಇರುತ್ತೆ, ಬರೇ ಸ್ವಿಚ್ ಇರೋ ಹಳೇ ಮರದ ಪೆಟ್ಟಿಗೇಲಿ ಇರಲ್ಲ. ನ್ಯೂಟ್ರಲ್ ಬೇಡದ ಮಾಡ್ಯೂಲೂ ಸಿಗುತ್ತೆ, ಆದ್ರೆ ಅದು ಬಲ್ಬಿನ ಮೂಲಕವೇ ಚೂರು ಕರೆಂಟ್ ಎಳೀತಾ ಇರೋದ್ರಿಂದ ಆರಿಸಿದ ಮೇಲೂ ಎಲ್‌ಇಡಿ ಮಿಣಿಮಿಣಿ ಅನ್ನಬಹುದು. ಸಮುದ್ರದ ಬದಿ ಮನೆಯವರಾದ್ರೆ ಉಪ್ಪು ಗಾಳಿಗೆ ಟರ್ಮಿನಲ್ ಹಸಿರುಗಟ್ಟುತ್ತೆ, ಹೊರಗಡೆ ಬೋರ್ಡಲ್ಲಿ ಇದನ್ನ ಹಾಕಿಸಬೇಡಿ. ಎಲ್ಲಿ ಹಾಕಿಸಿದ್ರೂ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ಯೂಟ್ಯೂಬ್ ನೋಡ್ಕೊಂಡು ನೀವೇ ಕೈ ಹಾಕೋ ಕೆಲಸ ಅಲ್ಲ. 11ಕ್ಕೂ ಬೇಡ, ಆಯಿ ಸ್ವಿಚ್ ಮುಟ್ಟೋ ಮೂರಕ್ಕೆ ಸಾಕು. ಸ್ಮಾರ್ಟ್ ಬಲ್ಬ್ ಆರಿದ್ದಾಗಲೂ ಅರ್ಧ ವಾಟಿನ ಆಸುಪಾಸು ತಿನ್ನುತ್ತೆ, 11 ಬಲ್ಬ್ ಅಂದ್ರೆ ತಿಂಗಳಿಗೆ ಹೆಚ್ಚುಕಮ್ಮಿ 4 ಯೂನಿಟ್, ಬಿಲ್ ಲೆಕ್ಕದಲ್ಲಿ ಇದು ದೊಡ್ಡದಲ್ಲ.

ನೆಟ್ ಹೋದಾಗ ಏನು ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೇನೆ. ಮಳೆಗೆ ಫೈಬರ್ ಕಡಿದ್ರೆ ಮಾತು ನಡೆಯಲ್ಲ, ಸರಿಯಾದ ಹೆಸರಿದ್ರೂ ನಡೆಯಲ್ಲ. 2022ರಲ್ಲಿ ಬಂದ ಮ್ಯಾಟರ್ ಅನ್ನೋ ಪದ್ಧತಿಯ ಬಲ್ಬಾದ್ರೆ ಸ್ಪೀಕರಿಂದ ಬಲ್ಬಿಗೆ ಮನೆಯೊಳಗೇ ದಾರಿ ಇರುತ್ತೆ, ಆದ್ರೆ ಧ್ವನಿಯನ್ನ ಅಕ್ಷರ ಮಾಡೋದು ಸಾಮಾನ್ಯವಾಗಿ ಆಗಲೂ ದೂರದ ಸರ್ವರೇ, ಹಾಗಾಗಿ ಮ್ಯಾಟರ್ ಅಂತ ಹೆಚ್ಚು ದುಡ್ಡು ಕೊಟ್ರೆ ನೆಟ್ ಇಲ್ಲದೇ ಮಾತು ಕೇಳುತ್ತೆ ಅಂತ ನಂಬ್ಕೊಂಡು ತರಬೇಡಿ. ದಪ್ಪ ಮಣ್ಣಿನ ಗೋಡೆ, ಚಿರೇಕಲ್ಲಿನ ಗೋಡೆ ದಾಟಿ ಕೊಟ್ಟಿಗೆವರೆಗೆ ವೈಫೈ ಹೋಗ್ತಿದೆಯಾ ಅಂತಲೂ ನೋಡಿ, ಈ ಬಲ್ಬುಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರ್ಕೊಳ್ಳೋದು.

ರಾತ್ರಿ ಬಚ್ಚಲಮನೆಗೆ ಹೋಗೋ ದಾರಿಗೆ ಮಾತ್ರ ನನ್ನ ಸಲಹೆ ಬೇರೆ. ಅಲ್ಲಿಗೆ ಹೆಸರೂ ಬೇಡ, ಸ್ಪೀಕರೂ ಬೇಡ. ಮನುಷ್ಯರು ಓಡಾಡಿದ್ರೆ ತಾನೇ ಹತ್ತೋ ಸೆನ್ಸರ್ ಲೈಟು ಕೆಲವು ನೂರು ರೂಪಾಯಿಗೆ ಸಿಗುತ್ತೆ, ಮೈ ಬಿಸಿ ಅಲುಗಾಡಿದ್ದನ್ನ ಹಿಡಿಯುತ್ತೆ, ನೆಟ್ ಇಲ್ಲದಿದ್ರೂ ನಡೆಯುತ್ತೆ, ಬ್ಯಾಟರಿದು ತಂದ್ರೆ ಕರೆಂಟ್ ಇಲ್ಲದಿದ್ರೂ ನಡೆಯುತ್ತೆ. ಬೆಕ್ಕು ಹೋದ್ರೂ ಹತ್ತುತ್ತೆ, ಹತ್ತಲಿ ಬಿಡಿ. ಆಯಿ ಮಂಚದಿಂದ ಬಚ್ಚಲವರೆಗೆ ಮೊಣಕಾಲ ಎತ್ತರದಲ್ಲಿ ಎರಡು ಹಾಕಿ. ಜೋರು ಮಳೆ ಹೊಡೆಯೋ ರಾತ್ರಿ, ತಗಡಿನ ಶೀಟಿನ ಮೇಲೆ ಅಷ್ಟು ಸದ್ದಿರುವಾಗ, ಯಾವ ಸ್ಪೀಕರಿಗೂ ವಯಸ್ಸಾದವರ ಮೆತ್ತಗಿನ ಧ್ವನಿ ಸರಿಯಾಗಿ ಕೇಳಲ್ಲ, ಅದೇ ಹೊತ್ತಿಗೆ ಅವಳಿಗೆ ಲೈಟ್ ಬೇಕಾಗೋದು.

ಕೊನೇದಾಗಿ ಎಬ್ಬಿಸೋ ಪದ. ಆಯಿಗೆ ಅಲೆಕ್ಸಾ ಅನ್ನೋದು ಬಾಯಿಗೆ ಬರದೇ ಇದ್ರೆ ಎಕೋ, ಅಮೆಜಾನ್, ಕಂಪ್ಯೂಟರ್ ಅಂತಲೂ ಇಡೋಕೆ ಬರುತ್ತೆ. ಎಕೋ ಮಾತ್ರ ನಮ್ಮ ಕಡೆ ಬೇಡ ಮಾರಾಯ್ರೆ. ಒಂದು ಮನೇಲಿ ಚಿಕ್ಕದಿದೆ, ಸುಲಭ ಅಂತ ನಾನೇ ಇಟ್ಟುಕೊಟ್ಟು ಬಂದಿದ್ದೆ. ಆ ಮನೆಯ ಅಮ್ಮಮ್ಮ ಮೊಮ್ಮಗನಿಗೆ "ಯಾಕೋ, ಊಟಕ್ಕೆ ಬರಲ್ವೇನೋ" ಅಂದಾಗಲೆಲ್ಲ ಸ್ಪೀಕರು ಎದ್ದು ಕೂರ್ತಿತ್ತು.